ಅಳತೆ ಕೇಳದ ಕುರ್ಚಿಗೆ ಸಹಿ ಇಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ಶೆಡ್ಡಿನಲ್ಲಿ ಆಗಲೇ ಸ್ಪ್ಯಾನರಿನ ಸದ್ದು. ಗೋಣಿಚೀಲದ ಮೇಲೆ ಕುಳಿತ ಐವತ್ತೆರಡರ ಹೆಂಗಸೊಬ್ಬರು ಗಾಲಿಕುರ್ಚಿಯೊಂದನ್ನು ತಲೆಕೆಳಗು ಮಾಡಿಕೊಂಡು ಅದರ ಮುಂದಿನ ಪುಟ್ಟ ಚಕ್ರ ಬಿಚ್ಚುತ್ತಿದ್ದಾರೆ.

"ಇದು ಆಸ್ಪತ್ರೆ ಟೈಲ್ಸ್ ಮೇಲೆ ಓಡೋ ಚಕ್ರ. ನಮ್ಮ ಬೀದೀಲಿ ಓಡ್ಸಿದ್ರೆ ಮೂರೇ ತಿಂಗಳು" ಎನ್ನುತ್ತ ಅದನ್ನು ಮೂಲೆಯ ರಾಶಿಗೆ ಎಸೆಯುತ್ತಾರೆ. ಆ ಜಾಗಕ್ಕೆ ಮಕ್ಕಳ ಹಳೇ ಸೈಕಲ್ಲಿನ ಅಗಲವಾದ ಚಕ್ರ ಬರುತ್ತದೆ.

ಎಲ್ಲರೂ ಅವರನ್ನು ಕರೆಯುವುದು ಗಾಲಿಯಕ್ಕ ಎಂದೇ. ಮೂರನೇ ವಯಸ್ಸಿನಲ್ಲಿ ಪೋಲಿಯೊ ಎರಡೂ ಕಾಲುಗಳ ಬಲ ಕಿತ್ತುಕೊಂಡಿತು. ಸೈಕಲ್ ಅಂಗಡಿ ಇಟ್ಟಿದ್ದ ಅಪ್ಪ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಪಂಕ್ಚರ್ ಹಾಕುವುದು ಕಲಿಸಿದರು. "ಅಯ್ಯೋ ಪಾಪ ಅಂದೋರಿಗೆಲ್ಲ ಅಪ್ಪ, ಅವಳ ಕೈ ಗಟ್ಟಿ ಇದೆ, ನಿಮ್ಮ ಸೈಕಲ್ ತನ್ನಿ ಅನ್ನೋರು." ಇಪ್ಪತ್ತು ವರ್ಷದ ಹಿಂದೆ ಗಾಲಿಯಕ್ಕ ತಮ್ಮಂಥ ಹನ್ನೊಂದು ಮಂದಿಯನ್ನು ಸೇರಿಸಿ ಸಂಘ ಕಟ್ಟಿದರು. ಈಗ ಸದಸ್ಯರು ನೂರ ನಲವತ್ತು. ದಿನಕ್ಕೆ ನಾಲ್ಕು ಕುರ್ಚಿ ಗಾಲಿಯಕ್ಕನ ಕೈಯಲ್ಲಿ ದುರಸ್ತಿಯಾಗುತ್ತವೆ.

ಆರು ವರ್ಷದ ಹಿಂದೆ ಕಡಲಾಚೆಯ ದೊಡ್ಡ ದತ್ತಿಸಂಸ್ಥೆಯೊಂದು ಸಂಘದ ಕೈಹಿಡಿಯಿತು. ಶೆಡ್ಡಿಗೆ ಸೂರು ಬಂತು, ಗಾಲಿಯಕ್ಕನಿಗೆ ಸಂಬಳ ಬಂತು. ಅದನ್ನು ಅವರು ಮುಚ್ಚಿಡುವುದಿಲ್ಲ. ಜೊತೆಗೆ ವರ್ಷವರ್ಷವೂ ಕುರ್ಚಿಗಳು ಬಂದವು, ಎಲ್ಲವೂ ಒಂದೇ ಅಳತೆ. ಬೇರೆ ಬೇರೆ ಅಳತೆಯವನ್ನು ಕಳಿಸಿ, ಇಲ್ಲವೇ ಬಿಡಿಭಾಗ ಕಳಿಸಿ, ನಾವೇ ಜೋಡಿಸಿಕೊಳ್ಳುತ್ತೇವೆ ಎಂದು ಗಾಲಿಯಕ್ಕ ನಾಲ್ಕು ಪತ್ರ ಬರೆದರು. ಬಂದ ಕುರ್ಚಿಗೆ ಸಹಿ ಹಾಕಿ, ಎಷ್ಟು ಹಂಚಿದಿರಿ ತುಂಬಿ ಎಂಬ ಫಾರಂ ಮಾತ್ರ ತಿರುಗಿ ಬಂತು.

ಕಳೆದ ವರ್ಷ ಆಗಬಾರದ್ದು ಆಯಿತು. ಇಸ್ತ್ರಿ ಅಂಗಡಿಯವನ ಒಂಬತ್ತು ವರ್ಷದ ಮಗಳು ದೊಡ್ಡವರ ಕುರ್ಚಿಯಲ್ಲಿ ಒಂದೇ ಮಗ್ಗುಲಿಗೆ ವಾಲಿ ಕುಳಿತು, ಸೊಂಟದ ಕೆಳಗೆ ಹುಣ್ಣಾಯಿತು. ಅಲ್ಲಿ ಸ್ಪರ್ಶಜ್ಞಾನವೇ ಇಲ್ಲದ ಮಗುವಿಗೆ ನೋವೂ ಗೊತ್ತಾಗಲಿಲ್ಲ. ಹುಣ್ಣು ಮೂಳೆ ಮುಟ್ಟಿದ ಮೇಲೆ ಹನ್ನೊಂದು ವಾರ ಆಸ್ಪತ್ರೆ.

"ಅವಳು ಆ ಕುರ್ಚೀಲಿ ನಗ್ತಿರೋ ಫೋಟೊ ಅವರ ವಾರ್ಷಿಕ ಪುಸ್ತಕದ ಮುಖಪುಟಕ್ಕೆ ಬಂತು. ಪುಸ್ತಕ ನಮಗೆ ತಲುಪಿದ ದಿನ ಅವಳು ಆಸ್ಪತ್ರೇಲಿ ಬೋರಲು ಮಲಗಿದ್ಲು" ಎನ್ನುವಾಗ ಗಾಲಿಯಕ್ಕನ ಕೈ ನಿಲ್ಲುತ್ತದೆ. "ಕುರ್ಚಿ ಕೊಟ್ಟಿದ್ದು ನಾನೇ. ಅಳತೆ ಸರಿಯಿಲ್ಲ ಅಂತ ಗೊತ್ತಿದ್ದೂ ಸಹಿ ಹಾಕ್ದೆ. ಅವರ ಮೇಲಿರೋ ಸಿಟ್ಟಿಗಿಂತ ನನ್ನ ಮೇಲಿರೋದು ಹೆಚ್ಚು."

ಮುಂದಿನ ಸಲ ಬಂದ ನಲವತ್ತು ಕುರ್ಚಿಗಳಿಗೆ ಅವರು ಸಹಿ ಹಾಕಲಿಲ್ಲ. ಸಂಘದ ಅಧ್ಯಕ್ಷರು ಕಣ್ಣು ಕಾಣದ ನಿವೃತ್ತ ಮೇಷ್ಟ್ರು. ಅವರಿಗೆ ಚಿಂತೆ ಹತ್ತಿತು. "ಅವರು ಕೈಬಿಟ್ರೆ ಶೆಡ್ ಮುಚ್ಚುತ್ತಲ್ಲಮ್ಮ."

"ಮುಚ್ಲಿ ಮೇಷ್ಟ್ರೇ. ಇನ್ನೊಂದು ಮಗೂನ ಬೋರಲು ಮಲಗ್ಸೋದಕ್ಕಿಂತ ಅದು ವಾಸಿ."

ಸಭೆಯಲ್ಲಿ ಕೈ ಎತ್ತಿಸಿದರು. ಹೆಚ್ಚಿನ ಕೈಗಳು ಗಾಲಿಯಕ್ಕನ ಕಡೆ ಎದ್ದವು. ಕುರ್ಚಿಗಳು ರಟ್ಟಿನ ಪೆಟ್ಟಿಗೆ ಒಡೆಯದೆ ಹಿಂದಕ್ಕೆ ಹೋದವು.

ಅದಾದ ತಿಂಗಳಿಗೆ ದತ್ತಿಸಂಸ್ಥೆಯೇ ಒಂದು ಸಮ್ಮೇಳನ ಕರೆಯಿತು. ವಿಷಯ: ಸ್ಥಳೀಯರ ಕೈಗೆ ಅಧಿಕಾರ. ಜಾಗ: ಲಿಫ್ಟಿಲ್ಲದ ಹೋಟೆಲೊಂದರ ಮೊದಲ ಮಹಡಿ. ಇಬ್ಬರು ಕಾವಲುಗಾರರು ಎತ್ತಿಕೊಂಡು ಹೋಗಲು ಬಂದರೆ ಗಾಲಿಯಕ್ಕ ಕೈ ಅಡ್ಡ ಹಿಡಿದರು. "ನಾನೇನು ಮೂಟೆನಾ? ಮಾತಾಡ್ಬೇಕು ಅನ್ನೋರು ಕೆಳಗೆ ಬರ್ಲಿ."

ಮುಕ್ಕಾಲು ಗಂಟೆ ಮೆಟ್ಟಿಲ ಬುಡದಲ್ಲೇ ಕಾದರು. ಕೊನೆಗೆ ವಿದೇಶಿ ಅಧಿಕಾರಿಣಿ ದುಭಾಷಿಯೊಂದಿಗೆ ಇಳಿದು ಬಂದು ಮೆಟ್ಟಿಲ ಮೇಲೆಯೇ ಕುಳಿತರು. ಕುರ್ಚಿ ಯಾರಿಗೆ, ಯಾವ ಅಳತೆ ಎಂಬುದನ್ನು ಸಂಘವೇ ಹೇಳಬೇಕು ಎಂದರು ಗಾಲಿಯಕ್ಕ. ನಿಯಮ ಬದಲಿಸುವುದು ನನ್ನ ಕೈಯಲ್ಲಿಲ್ಲ ಎಂದರು ಅಧಿಕಾರಿಣಿ.

"ಮತ್ತೆ ಯಾವ ಅಧಿಕಾರ ಕೊಡೋಕೆ ಬಂದ್ರಿ ತಾಯಿ? ನಿಮ್ಮ ಕೈಲೇ ಇಲ್ವಲ್ಲ."

ದುಭಾಷಿ ಒಂದು ಗಳಿಗೆ ತಡವರಿಸಿದ. "ಒಂದಕ್ಷರ ಬಿಡದೆ ಹೇಳಪ್ಪ" ಎಂದು ಗಾಲಿಯಕ್ಕ ಅವನನ್ನೇ ನೋಡುತ್ತ ಕುಳಿತರು.

ಆಮೇಲೆ ಐದು ತಿಂಗಳು ನೆರವು ನಿಂತಿತು. ಶೆಡ್ ಮುಚ್ಚಲಿಲ್ಲ. ಗಾಲಿಯಕ್ಕ ಬೆಳಿಗ್ಗೆ ಕುರ್ಚಿ, ಮಧ್ಯಾಹ್ನ ಊರವರ ಸೈಕಲ್ ಪಂಕ್ಚರ್ ಎಂದು ದಿನ ದೂಡಿದರು. ಕಳೆದ ತಿಂಗಳು ಪತ್ರ ಬಂತು: ಇನ್ನು ಬಿಡಿಭಾಗಗಳೇ ಬರುತ್ತವೆ, ಅಳತೆ ಸಂಘದ್ದೇ. ಆದರೆ ಒಂದು ವರ್ಷ ಪ್ರಯೋಗಕ್ಕೆ ಮಾತ್ರ. ಅಳತೆ ತೆಗೆಯುವುದನ್ನು ಕಲಿಸಲು ಪರಿಣತರೊಬ್ಬರು ವಿಮಾನ ಹತ್ತಿ ಬರುತ್ತಾರಂತೆ.

"ಬರ್ಲಿ, ಗೋಣಿಚೀಲ ಹಾಸ್ತೀನಿ. ಏನು ಕಲಿಸ್ತಾರೋ ನೋಡೋಣ" ಎನ್ನುವ ಗಾಲಿಯಕ್ಕನ ಮುಖದಲ್ಲಿ ನಗುವಿಲ್ಲ.

ಹೊಸದಾಗಿ ಬಂದ ಮುದುಕರೊಬ್ಬರ ತೊಡೆಯ ಉದ್ದಕ್ಕೆ ಟೇಪ್ ಹಿಡಿದು, ಅಂಕಿಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ನಿಮ್ಮ ಆಸೆಯೇನು ಎಂದು ಕೇಳಿದರೆ ಟೇಪ್ ಸುತ್ತುತ್ತ ಯೋಚಿಸುತ್ತಾರೆ.

"ದೊಡ್ಡದೇನಿಲ್ಲ. ಒಂದ್ಸಲ ನಾವು ಫಾರಂ ಮಾಡ್ಬೇಕು, ಅವರು ತುಂಬ್ಬೇಕು. ಒಂದೇ ಪ್ರಶ್ನೆ ಸಾಕು, ಯಾರನ್ನ ಕೇಳಿ ಕಳ್ಸಿದ್ರಿ ಅಂತ."