ಹುಡುಕದೆ ಇಲ್ಲ ಎನ್ನದ ವಾದಿರಾಜರು

ವಾದಿರಾಜರನ್ನು ಕಂಡರೆ ಮೊದಲ ಆರು ತಿಂಗಳು ನನಗೆ ಆಗುತ್ತಲೇ ಇರಲಿಲ್ಲ. ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ? 2002ರ ಮಾತು. ಚಾಮರಾಜಪೇಟೆಯಲ್ಲಿ ಕಲ್ಯಾಣಮ್ಮ ಎಂಬ ನಿವೃತ್ತ ಸ್ಕೂಲ್ ಮೇಡಂ ಒಬ್ಬರ ಮನೆಯ ಮಹಡಿಯಲ್ಲಿ ನಾವು ಐದು ಜನ ಕಂಪ್ಯೂಟರ್ ಕರ್ನೆಲ್ ಬರೆಯುವ ಕೆಲಸ ಮಾಡುತ್ತಿದ್ದೆವು. ಕರ್ನೆಲ್ ಎಂದರೆ ಕಂಪ್ಯೂಟರಿನ ಒಳಗೆ ಕೂತು ಉಳಿದ ಎಲ್ಲ ಪ್ರೋಗ್ರಾಮುಗಳನ್ನೂ ಅಂಕೆಯಲ್ಲಿಡುವ ಮೂಲ ತಂತ್ರಾಂಶ. ನನಗೆ ಇಪ್ಪತ್ತಾರು, ಸಿಟ್ಟು ಮೂಗಿನ ತುದಿಯಲ್ಲಿ. ವಾದಿರಾಜರಿಗೆ ನಲವತ್ತೆರಡು. ಹದಿನೈದು ವರ್ಷ ಒಂದು ಕಾರ್ಖಾನೆಯ ರೆಕಾರ್ಡ್ ರೂಮಿನಲ್ಲಿ ಫೈಲು ಹುಡುಕಿಕೊಡುತ್ತಿದ್ದವರು. ಕಾರ್ಖಾನೆ ಮುಚ್ಚಿದ ಮೇಲೆ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೊಂಡು, ಸಂಜೆ ತರಗತಿಗೆ ಹೋಗಿ, ಪ್ರೋಗ್ರಾಮಿಂಗ್ ಕಲಿತು ನಮ್ಮಲ್ಲಿಗೆ ಬಂದಿದ್ದರು.

ಅವರಿಗೊಂದು ಚಾಳಿ. ಏನು ಕೇಳಿದರೂ ತಟ್ಟನೆ ಇಲ್ಲ ಎನ್ನುವವರಲ್ಲ. ಸ್ಟೇಪ್ಲರ್ ಇದೆಯಾ ಎಂದರೆ ಮೂರು ಡ್ರಾಯರ್ ತೆಗೆದು ನೋಡಿ, ನಾಲ್ಕನೆಯದಕ್ಕೆ ಬೀಗ ಹಾಕಿದೆ, ಅದರೊಳಗೆ ಇದ್ದರೂ ಇರಬಹುದು ಎನ್ನುತ್ತಿದ್ದರು. ಹೂಂ ಅಥವಾ ಊಹೂಂ ಅಂದು ಮುಗಿಸಬಾರದೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ರೋಗ್ರಾಮು ಹೆಸರು ಹೇಳಿ ಫೈಲು ಕೇಳಿದಾಗ, ಡಿಸ್ಕಿನಲ್ಲಿರುವ ಹೆಸರುಗಳ ಪಟ್ಟಿ ಹುಡುಕಿ ಉತ್ತರ ಕೊಡುವ ಭಾಗ ಬರೆದವನು ನಾನು. ಪಟ್ಟಿಯಲ್ಲಿ ಹೆಸರು ಇಲ್ಲದಿರಲಿ, ಪಟ್ಟಿಯನ್ನು ಓದಲಿಕ್ಕೇ ಆಗದಿರಲಿ, ನನ್ನದು ಒಂದೇ ಉತ್ತರ: ಅಂಥ ಫೈಲು ಇಲ್ಲ. ಹುಡುಕಿ ಸಿಗದಿರುವುದು ಬೇರೆ, ಹುಡುಕಲಿಕ್ಕೇ ಆಗದಿರುವುದು ಬೇರೆ ಅಲ್ಲವೇ ಎಂದು ವಾದಿರಾಜರು ಮೂರು ಸಲ ಚೀಟಿ ಬರೆದಿಟ್ಟರು. ಕರ್ನೆಲ್ಲೇನು ರೆಕಾರ್ಡ್ ರೂಮೇ ಎಂದು ಅವರಿಗೆ ಕೇಳಿಸುವ ಹಾಗೇ ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಕಾಫಿಗೆ ಕರೆದರು.

ಕೆಳಗಿನ ಮನೆಯ ಕಲ್ಯಾಣಮ್ಮನವರಿಗೆ ಹೆಂಗಸರ ಹಾಡು ಕೂಡಿಡುವ ಹುಚ್ಚು. ನಾವು ಪರೀಕ್ಷೆಗೆಂದು ಕೊಟ್ಟಿದ್ದ ಕಂಪ್ಯೂಟರಿನಲ್ಲಿ ಒಬ್ಬೊಬ್ಬ ಹಾಡುಗಾರ್ತಿಯ ಹೆಸರಿಗೆ ಒಂದೊಂದು ಫೈಲು ಮಾಡಿದ್ದರು. ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದ ಮುತ್ಯಾಲಮ್ಮನದು ಮೂವತ್ತೇಳು ಹಾಡು. ಟೇಪ್ ರೆಕಾರ್ಡರ್ ಕಂಡರೆ ಆಕೆಗೆ ಗಂಟಲು ಕಟ್ಟುತ್ತಿತ್ತಂತೆ. ಅದಕ್ಕೇ ಮೇಡಂ ಜಗಲಿಯಲ್ಲಿ ಕೂರಿಸಿಕೊಂಡು ಕೇಳಿ, ಒಳಗೆ ಬಂದು ಟೈಪ್ ಮಾಡುತ್ತಿದ್ದರು. ಮುತ್ಯಾಲಮ್ಮ ಹಿಂದಿನ ಕಾರ್ತಿಕದಲ್ಲಿ ತೀರಿಕೊಂಡಿದ್ದರು. ಹಾಡುಗಳಿಗೆ ಬೇರೆ ಪ್ರತಿ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಕರೆಂಟು ಹೋಗಿ ಬಂತು. ಸ್ವಲ್ಪ ಹೊತ್ತಿಗೆ ಮೇಡಂ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು. ಮುತ್ಯಾಲಮ್ಮನ ಫೈಲು ತೆರೆದರೆ ಬರೀ ಬಿಳಿ, ಒಂದಕ್ಷರವೂ ಇಲ್ಲವಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನದು. ಯಾರೂ ಏನೂ ಅನ್ನುವ ಮೊದಲೇ, ನೀವೇ ಏನೋ ಒತ್ತಿರಬೇಕು ಎಂದೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ವಾದಿರಾಜರು ನನ್ನನ್ನೂ ಕರೆದುಕೊಂಡು ಕೆಳಗಿಳಿದು ಹೋಗಿ, ಆ ಫೈಲು ಹುಟ್ಟಿದ್ದು ಯಾವಾಗ ಎಂದಷ್ಟೇ ನೋಡಿದರು. ಅವತ್ತೇ, ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಅವರ ಮುಖ ಅರಳಿತು.

"ಫೈಲು ಇಲ್ಲ ಅಂತ ಗುಮಾಸ್ತ ಬರೆದ್ರೆ ನಮ್ಮ ರೆಕಾರ್ಡ್ ರೂಮಲ್ಲಿ ಅದೇ ಹೆಸರಿಗೆ ಡೂಪ್ಲಿಕೇಟ್ ತೆಗೀತಿದ್ರು. ಆಮೇಲೆ ಯಾರು ಕೇಳಿದ್ರೂ ಡೂಪ್ಲಿಕೇಟೇ ಕೈಗೆ ಸಿಗೋದು. ಅಸಲು ಎಲ್ಲೂ ಹೋಗಿರಲ್ಲ ವಸಿಷ್ಠ, ಹಿಂದೆ ಕೂತಿರುತ್ತೆ."

ನಡೆದದ್ದೇನೆಂದು ನನಗೆ ಆಗ ಹೊಳೆಯಿತು. ಕರೆಂಟು ಬಂದ ಗಡಿಬಿಡಿಯಲ್ಲಿ ಡಿಸ್ಕು ಹೆಸರುಪಟ್ಟಿಯ ಎರಡನೆಯ ಪುಟವನ್ನು ಕೊಟ್ಟಿರಲಿಲ್ಲ. ನನ್ನ ಕೋಡು ಇಲ್ಲ ಎಂದಿತ್ತು. ಟೈಪ್ ಮಾಡುವ ಪ್ರೋಗ್ರಾಮು ಅದನ್ನು ನಂಬಿ, ಅದೇ ಹೆಸರಿನ ಖಾಲಿ ಫೈಲನ್ನು ಮೊದಲ ಪುಟದಲ್ಲಿ ಬರೆಸಿತ್ತು. ಡಿಸ್ಕು ಬಿಚ್ಚಿ ತಂದು ಪಟ್ಟಿಯನ್ನು ಪುಟಪುಟವಾಗಿ ಓದಿದೆವು. ಎರಡನೆಯ ಪುಟದಲ್ಲಿ ಇನ್ನೊಬ್ಬ ಮುತ್ಯಾಲಮ್ಮ ಇದ್ದರು, ಮೂವತ್ತೇಳು ಹಾಡಿನ ಸಮೇತ. ವಾದಿರಾಜರನ್ನು ತಬ್ಬಿಕೊಂಡುಬಿಟ್ಟೆ.

ಮೇಡಂ ಕಣ್ಣೊರೆಸಿಕೊಂಡು, ಹಾಗಾದರೆ ಇಲ್ಲ ಎಂದವರು ಯಾರು ಎಂದು ಕೇಳಿದರು. ವಾದಿರಾಜರು ನನ್ನನ್ನು ಉಳಿಸಲು ಕರೆಂಟಿನ ಕಥೆ ಶುರುಮಾಡಿದರು. ನಾನೇ ಬರೆದದ್ದು ಎಂದು ಒಪ್ಪಿಕೊಂಡೆ.

"ನೋಡಕ್ಕಾಗ್ತಿಲ್ಲ ಅಂತ ಹೇಳಿದ್ರೆ ನಾನು ಕಾಯ್ತಿದ್ದೆ ಕಣಪ್ಪ. ನೀನು ಇಲ್ಲ ಅಂದ್ಬಿಟ್ಟೆ. ಬೆಳಿಗ್ಗೆಯಿಂದ ಅವಳು ಇನ್ನೊಂದ್ಸಲ ಸತ್ತ ಹಾಗಾಗಿತ್ತು ನಂಗೆ."

ಅಷ್ಟು ಹೇಳಿ ಮೇಡಂ ನಮ್ಮಿಬ್ಬರಿಗೂ ಕೋಡುಬಳೆ ಕೊಟ್ಟು, ಮೂವತ್ತೇಳನ್ನೂ ಹಾಡಿ ಹಾಡಿ ತಾಳೆ ನೋಡಿದರು. ವಾದಿರಾಜರು ತೊಡೆಯ ಮೇಲೆ ತಾಳ ಹಾಕಿದರು. ಮಧ್ಯಾಹ್ನ ಮಹಡಿ ಹತ್ತಿ, ಓದಲಾಗದಿದ್ದರೂ ಇಲ್ಲ ಎನ್ನುತ್ತಿದ್ದ ನನ್ನ ಆ ಸಾಲನ್ನು ಅಳಿಸಿದೆ, ಕುರ್ಚಿ ಬಿಟ್ಟು ಎದ್ದೆ. ನೀವೇ ಕೂತು ಬರೆಯಿರಿ ಸಾರ್, ನಾನು ನಿಂತು ಕಲಿಯುತ್ತೇನೆ ಎಂದೆ.