ಐದು ಗಂಟೆಯ ಸೀಟಿ

ಕೊಟ್ಟೂರಿನ ಬಟ್ಟೆ ವ್ಯಾಪಾರಿ ಗಂಗಾಧರಪ್ಪನವರು, ಕೂಡ್ಲಿಗಿ ಕಡೆಯ ಗುಡ್ಡದ ಜಲಪಾತದಲ್ಲಿ ಖಾಕಿ ಅಂಗಿ ತೊಟ್ಟು ಸೀಟಿ ಊದುತ್ತಿದ್ದ ಮೌಲಾಸಾಬರನ್ನು ಮೊದಲ ಸಲ ಅರಣ್ಯಾಧಿಕಾರಿಯೆಂದೇ ತಿಳಿದು ಕೈಮುಗಿದಿದ್ದರು. ಸಾಬರದು ಕೆಳಗಿನ ರಸ್ತೆಯಲ್ಲಿ ಪಂಕ್ಚರ್ ಅಂಗಡಿ. ಅಧಿಕಾರ ಮಾತ್ರ ಸ್ವಯಾರ್ಜಿತ. ಮಳೆಗಾಲದ ಭಾನುವಾರ ಅಂಗಡಿ ಮುಚ್ಚಿ ಮೇಲೆ ಬಂದರೆಂದರೆ ಬಂಡೆಗಳೆಲ್ಲ ಅವರ ಪಿತ್ರಾರ್ಜಿತ ಆಸ್ತಿ. "ಇದು ಇನ್ನೂರೈವತ್ತು ಕೋಟಿ ವರ್ಷದ ಕಲ್ಲೈತಿ, ನಿಮ್ಮ ಲವ್ ಕೆತ್ತಿಸ್ಕೊಳ್ಳಾಕ ಕುಂತಿಲ್ಲ," ಎಂದು ಹುಡುಗರ ಕೈಯಿಂದ ಮೊಳೆ ಕಸಿಯುತ್ತಾರೆ. ನವಿಲು ಕೂಗಿದರೆ ತಾವೇ ಹೇಳಿ ಕೂಗಿಸಿದವರಂತೆ ಗಡ್ಡ ನೀವುತ್ತಾರೆ. ಗಂಟೆ ಐದಾಯಿತೋ, ತಹಶೀಲ್ದಾರರೇ ಇರಲಿ, ಸ್ವಂತ ಬೀಗರೇ ಇರಲಿ, ಮಡುವಿನ ದಂಡೆಯಿಂದ ಎಬ್ಬಿಸದೆ ಬಿಡುವವರಲ್ಲ: "ಏಳ್ರಿ, ತಾಯಿ ಕರಡಿ ಮರಿ ಕರ್ಕೊಂಡು ನೀರಿಗೆ ಬರೋ ಹೊತ್ತು." ಈ ಸಲ ಗಂಗಾಧರಪ್ಪನವರು, ಮಿರ್ಚಿ ಮಂಡಕ್ಕಿ ಮುಗಿಯುವ ತನಕ ಏಳುವುದಿಲ್ಲವೆಂದು ಕೂತೇಬಿಟ್ಟರು. ಮೌಲಾಸಾಬರು ಎಂದೂ ತೆಗೆಯದ ತಲೆಯ ಟವೆಲ್ ಬಿಚ್ಚಿದರು. ಎಡಗಿವಿ ಇರಲಿಲ್ಲ, ಅಲ್ಲಿಂದ ಕುತ್ತಿಗೆಯವರೆಗೆ ನಾಲ್ಕು ಗೆರೆ. ಗಂಗಾಧರಪ್ಪನವರು ಪೊಟ್ಟಣ ಮಡಚಿಕೊಂಡು ಎದ್ದು, ಏನಾದರೂ ಕೇಳಬೇಕಲ್ಲ ಎಂದು ಕೇಳಿದರು: "ಇಷ್ಟು ಮಾಡಿದ ಕರಡಿ ಮ್ಯಾಲೆ ನಿಮಗ ಸಿಟ್ಟಿಲ್ಲೇನ್ರಿ ಸಾಬ್ರ?" ಸಾಬರು ಟವೆಲ್ ಮತ್ತೆ ಸುತ್ತಿಕೊಂಡರು. "ಆಕಿ ಹೊತ್ತಿಗೆ ಸರಿಯಾಗಿ ಬಂದಿದ್ಲು. ನಾನ ಎದ್ದಿರಲಿಲ್ಲ."