ನೋಡದೆ ಹಾಕಿದ ಮೂರು ರೈಟು

ಇವತ್ತು ಬೆಳಿಗ್ಗೆ ಸರಿಯಾಗಿ ಆರು ಗಂಟೆಗೆ ನನ್ನ ಫೋನು ಟಿಣ್ ಎಂದಿತು. ಒಂದು ನಿಮಿಷ ಮೊದಲಲ್ಲ, ಒಂದು ನಿಮಿಷ ತಡವೂ ಅಲ್ಲ. ಹಬೆಯಾಡುವ ಕಾಫಿ ಲೋಟ, ಪಕ್ಕದಲ್ಲೊಂದು ಗುಲಾಬಿ, ಮೇಲೆ ಹಳದಿ ಅಕ್ಷರದಲ್ಲಿ ‘ಶುಭೋದಯ’. ನಿಮ್ಮ ಫೋನಿಗೂ ಇಂಥವು ಬರುತ್ತಿರಬೇಕು, ನೀವು ಸರಿಯಾಗಿ ನೋಡದೆಯೇ ಅಳಿಸುತ್ತಿರಬೇಕು. ನಾನು ಮಾತ್ರ ಅಳಿಸದೆ ಎದ್ದು ಕೂತೆ. ಯಾಕೆಂದು ಹೇಳಬೇಕಾದರೆ ನನ್ನ ಒಂದು ಚಟದಿಂದ ಶುರುಮಾಡಬೇಕು.

ನನಗೆ ಲೆಕ್ಕ ಇಡುವ ಚಟ. ಪಿಯುಸಿಯಿಂದ ದಿನಚರಿ ಬರೆಯುತ್ತಿದ್ದೇನೆ. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬರುವ ಬಸ್ಸು ಎಷ್ಟು ಕಡೆ ನಿಂತಿತು, ಚಂದ್ರವಳ್ಳಿಗೆ ನಡೆದುಹೋದಾಗ ಎಷ್ಟು ಮಂಗ ಕಂಡವು, ಅಮ್ಮ ಈ ವಾರ ಎಷ್ಟು ಸಲ ನನ್ನ ಮದುವೆಯ ಮಾತೆತ್ತಿದಳು, ಎಲ್ಲಕ್ಕೂ ನನ್ನಲ್ಲಿ ಅಂಕಿ ಇದೆ. ಕಳೆದ ವಾರ ಮಂಗ ನಾಲ್ಕು, ಮದುವೆ ಹನ್ನೊಂದು. ಇಂಥವಳಿಗೆ, ಡಿಗ್ರಿ ಮುಗಿಸಿ ಸರ್ಕಾರಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದ ಕಾಲದಲ್ಲಿ, ಚಿತ್ರದುರ್ಗದ ಒಂದು ನಿವೃತ್ತರ ಸಂಘದಲ್ಲಿ ಅರ್ಧ ದಿನದ ಟೈಪಿಂಗ್ ಕೆಲಸ ಸಿಕ್ಕಿತು. ಫಲಿತಾಂಶ ಬಂತು, ಹೆಸರಿರಲಿಲ್ಲ. ಕೆಲಸ ಉಳಿಯಿತು.

ಸಂಘವೆಂದರೆ ಸ್ಟೇಷನರಿ ಅಂಗಡಿಯ ಮೇಲಿನ ಒಂದು ಕೋಣೆ. ಒಂದು ಕಬ್ಬಿಣದ ಬೀರು, ಗೋಡೆಗೆ ಒರಗಿಸಿದ ಆರು ವಾಕರು, ಮೂರು ಗಾಲಿಕುರ್ಚಿ. ಇವನ್ನು ಯಾರ ಮನೆಯಲ್ಲಿ ಯಾರು ಬಿದ್ದರೂ ಪುಕ್ಕಟೆ ಎರವಲು ಕೊಡುತ್ತಿದ್ದರು. ಪಿಂಚಣಿ ತಡೆದುಹೋದವರಿಗೆ ಅರ್ಜಿ ಬರೆಯುವುದು, ಕಚೇರಿಗಳಿಗೆ ಜೊತೆಯಲ್ಲಿ ಹೋಗುವುದು, ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಎಂಬ ಪ್ರಮಾಣಪತ್ರವನ್ನು ಫೋನಿನಲ್ಲೇ ಮುಖ ತೋರಿಸಿ ಮಾಡಿಕೊಡುವುದು, ಇದೆಲ್ಲ ಅವರ ಕೆಲಸ. ಎಪ್ಪತ್ತು ದಾಟಿದವರು ಫೋನನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಪಿಳಿಪಿಳಿ ಮಾಡುವುದನ್ನು ನೋಡಿ ನಾನು ಬಾಗಿಲ ಹಿಂದೆ ಹೋಗಿ ನಕ್ಕಿದ್ದೇನೆ. ಎಷ್ಟು ಸಲ ಎಂದೂ ಬರೆದಿಟ್ಟಿದ್ದೇನೆ.

ಕಾರ್ಯದರ್ಶಿ ಹನುಮಂತಪ್ಪನವರು ಸರ್ವೆ ಇಲಾಖೆಯಲ್ಲಿದ್ದವರು. ಬದುಕಿಡೀ ಹೊಲ ಅಳೆದ ಮನುಷ್ಯ. ನಾನು ಸೇರುವ ಮೊದಲು ಹಿರಿಯೂರಿನ ಒಬ್ಬ ಸದಸ್ಯರು ಮನೆಯಲ್ಲೇ ತೀರಿಕೊಂಡು ಎರಡು ದಿನ ಯಾರಿಗೂ ಗೊತ್ತಾಗಿರಲಿಲ್ಲವಂತೆ. ಆಗ ಅವರು ಒಂದು ಕಟ್ಟಳೆ ತಂದರು. ವಾಟ್ಸಾಪ್ ಗುಂಪಿನಲ್ಲಿ ಪ್ರತಿಯೊಬ್ಬರೂ ಬೆಳಿಗ್ಗೆ ಎಂಟರೊಳಗೆ ಒಂದು ಶುಭೋದಯ ಹಾಕಬೇಕು. ಹಾಕದವರಿಗೆ ಫೋನು. ಫೋನು ಎತ್ತದಿದ್ದರೆ ಹತ್ತಿರದ ಸದಸ್ಯರು ಹೋಗಿ ಬಾಗಿಲು ತಟ್ಟಬೇಕು. ಹೊರಗಿನವರಿಗೆ ಕೆಲಸವಿಲ್ಲದ ಮುದುಕರ ಗುಲಾಬಿ, ನವಿಲು, ಸೂರ್ಯೋದಯ. ಒಳಗಿನವರಿಗೆ ಅದು ಹಾಜರಿ ಪುಸ್ತಕ.

ಹಾಜರಿ ಬರೆಯುವ ಕೆಲಸ ನನಗೆ ಬಂತು. ನನ್ನಷ್ಟು ಸಂತೋಷಪಟ್ಟವರು ಯಾರೂ ಇರಲಿಕ್ಕಿಲ್ಲ. ಚಿತ್ರದುರ್ಗ ಹತ್ತೊಂಬತ್ತು, ಹಿರಿಯೂರು ಒಂಬತ್ತು, ಹೊಸದುರ್ಗ ಎಂಟು, ಹೊಳಲ್ಕೆರೆ ಏಳು, ಒಟ್ಟು ನಲವತ್ತಮೂರು ಹೆಸರು. ಬಂದವರ ಮುಂದೆ ಹಸಿರು ಶಾಯಿಯಲ್ಲಿ ರೈಟು. ತಡವಾದವರಿಗೆ ಕೆಂಪು ಚುಕ್ಕೆ. ತಿಂಗಳ ಕೊನೆಯಲ್ಲಿ ಪುಟ ತಿರುವಿ ನೋಡಿದರೆ ಹಸಿರು ಹೊಲದ ಹಾಗೆ ಕಾಣಬೇಕು ಎಂಬುದು ನನ್ನ ಆಸೆ.

ಆ ಹೊಲವನ್ನು ಕೆಡಿಸುತ್ತಿದ್ದವರು ಒಬ್ಬರೇ, ಹೊಸದುರ್ಗದ ತಿಪ್ಪೇಸ್ವಾಮಿ ತಾತ. ಒಂದೇ ತಿಂಗಳಲ್ಲಿ ಹದಿನೇಳು ಕೆಂಪು ಚುಕ್ಕೆ. ಅಷ್ಟೂ ದಿನ ನಾನೇ ಫೋನು ಮಾಡಬೇಕಾಯಿತು.

“ತಾತ, ಎಂಟೂ ಹತ್ತಾಯ್ತು.”

“ಆಗ್ಲಿ ಬಿಡವ್ವ. ನಾನೇನು ಬಸ್ಸಾ, ಟೈಮಿಗೆ ಬರಾಕೆ?”

“ಹುಷಾರಾಗಿದೀರಾ?”

“ಹುಷಾರಿಲ್ದಿದ್ರೆ ನಿನ್ ಕೂಡ ಹಿಂಗೆ ಜಗಳ ಆಡ್ತಿದ್ನಾ?”

ಮೊದಲ ದಿನ ನಾನು ಅವರನ್ನು ಸರ್ ಎಂದಿದ್ದೆ. “ಸರ್ ಅನ್ಬ್ಯಾಡ, ನಾನು ಕೆರೆ ಕಾದೋನು” ಎಂದಿದ್ದರು. ಅವರ ನೌಕರಿಯೇ ಅದು. ಒಂದು ದೊಡ್ಡ ಕೆರೆಯ ಮೆಟ್ಟಿಲ ಪಕ್ಕದಲ್ಲಿ ಅಂಕಿ ಬರೆದ ಕಲ್ಲು ಕಂಬವಿತ್ತು. ದಿನಾ ಬೆಳಿಗ್ಗೆ ಆರಕ್ಕೆ ಇಳಿದುಹೋಗಿ ನೀರು ಎಷ್ಟನೇ ಗೆರೆಗೆ ನಿಂತಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಮೂವತ್ತೊಂದು ವರ್ಷ ಬರೆದರು. ಮದುವೆಯಾಗಲಿಲ್ಲ. ಕೇಳಿದರೆ, “ಆರಕ್ಕೆ ಎದ್ದು ಹೋಗೋನಿಗೆ ಯಾರು ಹೆಣ್ಣು ಕೊಡ್ತಾರೆ?” ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಹೊಸದುರ್ಗದಲ್ಲಿ ಒಂದು ಹಿಟ್ಟಿನ ಗಿರಣಿಯ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. ಬೆಳಿಗ್ಗೆ ತಡವಾಗಿ ಏಳುವುದು ಅವರ ಪಾಲಿಗೆ ಪಿಂಚಣಿಯ ಒಂದು ಭಾಗ. “ಅಷ್ಟು ವರ್ಷ ನಾನು ಸೂರ್ಯನ್ನ ಕಾದೀನಿ. ಈಗ ಅವ್ನೇ ನನ್ನ ಕಾಯ್ಲಿ.”

ಒಮ್ಮೆ ಹಿರಿಯೂರಿಗೆ ಹೋಗುವ ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದೆ. ಹರಿಯಬ್ಬೆಯ ಗಂಗಮ್ಮ ಎಂಬವರ ಕೆಲಸಕ್ಕೆ ಹೊರಟಿದ್ದೆವು. ಗಂಗಮ್ಮನ ಗಂಡ ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದು ತೀರಿಕೊಂಡವರು. ಒಂದು ಕಾಗದದಲ್ಲಿ ಗುಡ್ಡಪ್ಪ, ಇನ್ನೊಂದರಲ್ಲಿ ಗುಡ್ಡಯ್ಯ. ಆ ಒಂದು ಅಕ್ಷರಕ್ಕಾಗಿ ಆಕೆಯ ಕುಟುಂಬ ಪಿಂಚಣಿ ನಿಂತಿತ್ತು. ಕಚೇರಿಗಳವರಿಗೆ ತಾತನನ್ನು ಕಂಡರೆ ಆಗುತ್ತಿರಲಿಲ್ಲ, ಯಾಕೆಂದರೆ ಕೆಲಸ ಆಗುವ ತನಕ ಅವರು ಎದ್ದುಹೋಗುತ್ತಲೇ ಇರಲಿಲ್ಲ. ಬಸ್ಸಿನಲ್ಲಿ ನನ್ನ ಹಾಜರಿ ಪುಸ್ತಕ ತಿರುವುತ್ತಾ ಹೇಳಿದರು:

“ಒಂದ್ಸಲ ಜ್ವರ ಬಂದಿತ್ತವ್ವ. ಕೆರೆಗೆ ಇಳೀಲಿಲ್ಲ. ಮನೇಲೇ ಕುಂತು ನೆನ್ನೆ ಅಂಕಿನೇ ಬರದೆ.”

“ಆಮೇಲೆ ಏನಾಯ್ತು?”

“ಏನೂ ಆಗ್ಲಿಲ್ಲ. ಅದೇ ನೋಡು ಕೆಟ್ಟದ್ದು. ಮಾರನೇ ದಿನ ಇಳಿಯಾಕೆ ಸೋಮಾರಿತನ ಬಂತು.” ಪುಸ್ತಕ ವಾಪಸು ಕೊಟ್ಟರು. “ನೋಡ್ದೆ ಬರೀಬಾರ್ದವ್ವ.”

ಆ ಮಾತನ್ನು ದಿನಚರಿಯಲ್ಲಿ ಬರೆದುಕೊಂಡೆ. ಬರೆದುಕೊಳ್ಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಅದಾಗಿ ಎರಡು ವಾರಕ್ಕೆ ನನಗೊಂದು ಉಪಾಯ ಹೊಳೆಯಿತು. ಹೇಳಿದ ಹೊತ್ತಿಗೆ ತಾನಾಗಿಯೇ ಮೆಸೇಜು ಕಳಿಸುವ ಒಂದು ಆಪ್ ಇದೆ. ತಾತ ಸಂಘಕ್ಕೆ ಬಂದಾಗ ಅವರ ಫೋನಿಗೆ ಹಾಕಿದೆ. ಲಾಕು ಗೀಕು ಇಲ್ಲದ ಫೋನು, ಐದು ನಿಮಿಷದ ಕೆಲಸ. ದಿನಾ ಬೆಳಿಗ್ಗೆ ಆರಕ್ಕೆ ಒಂದು ಕಾಫಿ ಲೋಟ, ಒಂದು ಗುಲಾಬಿ, ಶುಭೋದಯ.

ಅವರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. “ನಾನು ಮಲಗಿದ್ರೂ ಹೋಗ್ತೈತಾ?”

“ಹೋಗತ್ತೆ ತಾತ.”

“ನೋಡ್ದೆ ಬರ್ದಂಗಾಗಲ್ವೇನೇ?”

ನಾನು ನಕ್ಕೆ. ಒಂದು ಗುಲಾಬಿಗೆ ಇಷ್ಟೆಲ್ಲ ಯಾಕೆ ತಾತ ಎಂದೆ. ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. “ಆತು ಬಿಡು. ನಿನ್ ಪುಸ್ತಕ ಹಸಿರಾಗ್ಲಿ.”

ಪುಸ್ತಕ ಹಸಿರಾಯಿತು. ತಾತನ ಹೆಸರೆತ್ತದೆ ಆಪ್ ಬಗ್ಗೆ ಹೇಳಿದ್ದಕ್ಕೆ ಇನ್ನೂ ಐದು ಜನ ಹಾಕಿಸಿಕೊಂಡರು. ನಾಲ್ಕು ತಿಂಗಳು ಒಂದೂ ಕೆಂಪು ಚುಕ್ಕೆಯಿಲ್ಲ. ಹನುಮಂತಪ್ಪನವರು ಸಭೆಯಲ್ಲಿ ನನ್ನನ್ನು ಹೊಗಳಿದರು. ಕೊನೆಗೆ ಆ ಗುಲಾಬಿ ನಾನೇ ಆಪ್‌ನಲ್ಲಿ ಇಟ್ಟದ್ದು ಎಂಬುದು ನನಗೇ ಮರೆತುಹೋಯಿತು. ಆರಕ್ಕೆ ತಾತನ ಗುಲಾಬಿ ಬರುತ್ತಿತ್ತು, ನಾನು ಹಲ್ಲುಜ್ಜುತ್ತಾ ರೈಟು ಹಾಕುತ್ತಿದ್ದೆ.

ಒಂದು ಗುರುವಾರ ಹತ್ತೂವರೆಗೆ ಸಂಘದ ಫೋನು ಹೊಡೆಯಿತು. ಗಂಗಮ್ಮ. ಅವತ್ತು ತಾತ ಆಕೆಯನ್ನು ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂಬತ್ತಕ್ಕೆ ಕಾಣಬೇಕಿತ್ತು.

“ತಿಪ್ಪೇಸ್ವಾಮಣ್ಣ ಬರ್ಲಿಲ್ಲ ತಾಯಿ. ನಾಕು ಸಲ ಫೋನ್ ಮಾಡ್ದೆ, ಎತ್ತಲ್ಲ.”

“ಬಸ್ ತಡ ಆಗಿರ್ಬೇಕು ಗಂಗಮ್ಮ. ಇವತ್ತು ಬೆಳಿಗ್ಗೆ ಆರಕ್ಕೇ ಮೆಸೇಜ್ ಹಾಕಿದಾರೆ, ಚೆನ್ನಾಗಿದಾರೆ.”

“ಮೆಸೇಜು ಸರಿ. ಯಾರಾನ ಕಣ್ಣಾಗೆ ನೋಡೀರಾ?”

ನಾನು ಪುಸ್ತಕ ನೋಡಿದೆ. ಮಂಗಳವಾರ ರೈಟು, ಬುಧವಾರ ರೈಟು, ಗುರುವಾರ ರೈಟು. ಮೂರಕ್ಕೂ ಎದುರಿಗೆ ಹೊತ್ತು ಬರೆದಿದ್ದೆ: ಆರು, ಆರು, ಆರು. ಆಗ ನೆನಪಾಯಿತು.

ಹೊಸದುರ್ಗದಲ್ಲಿ ಜಯಮ್ಮ ಎಂಬ ನಿವೃತ್ತ ನರ್ಸು ನಮ್ಮ ಸದಸ್ಯರು. ಅವರು ಆಟೊ ಹಿಡಿದು ಓಡಿದರು. ಗಿರಣಿಯವನು ಚಿಲಕ ಮುರಿದ. ತಾತ ಬಚ್ಚಲಲ್ಲಿ ಬಿದ್ದಿದ್ದರು. ಸೋಮವಾರ ಬೆಳಿಗ್ಗೆ ಏಳರ ಸುಮಾರಿಗೆ ಜಾರಿದ್ದು, ಸೊಂಟದ ಮೂಳೆ ಮುರಿದಿತ್ತು. ಕೈಗೆಟುಕುವಲ್ಲಿ ಒಂದು ಬಕೆಟ್ ನೀರಿದ್ದದ್ದರಿಂದ ಜೀವ ಉಳಿದಿತ್ತು. ಕೂಗಿದ್ದರಂತೆ. ಗಿರಣಿ ನಡೆಯುವಾಗ ಅದರೊಳಗಿದ್ದವರ ಮಾತೇ ಅವರಿಗೆ ಕೇಳುವುದಿಲ್ಲ. ಗಿರಣಿ ನಿಂತ ಮೇಲೆ ಕೂಗಲು ದನಿ ಉಳಿದಿರಲಿಲ್ಲ. ಫೋನು ಹೊರಕೋಣೆಯಲ್ಲಿ ಚಾರ್ಜಿಗಿತ್ತು.

ಶುಕ್ರವಾರ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವರನ್ನು ಕಂಡೆ. ಮುಖ ಅರ್ಧವಾಗಿತ್ತು. ಅವರ ಅಣ್ಣನ ಮಗ ಪಕ್ಕದಲ್ಲಿದ್ದ. ನಾನು ಏನೂ ಹೇಳುವ ಮೊದಲೇ ಅವರೇ ಮಾತಾಡಿದರು.

“ಕುಂತ್ಕಳವ್ವ. ಬೆಳಕು ಹರೀತಿದ್ದಂಗೆ ನನ್ನ ಫೋನು ಸದ್ದು ಮಾಡ್ತಿತ್ತು. ಗೊತ್ತಾಗ್ತಿತ್ತು, ಆರಾತು, ಗುಲಾಬಿ ಹೋತು ಅಂತ. ಆಮೇಲೆ ಟಿಣ್ ಟಿಣ್ ಟಿಣ್. ನೀವೆಲ್ರೂ ನಂಗೆ ಶುಭೋದಯ ಹೇಳ್ತಿದ್ರಿ.”

ಒಂದು ಗುಟುಕು ನೀರು ಕುಡಿದರು. “ಗುರುವಾರ ಫೋನು ಹೊಡ್ಕಂತು. ನಿಂತು, ಮತ್ತೆ ಹೊಡ್ಕಂತು. ಆಗ ಅನ್ಕಂಡೆ, ಯಾರೋ ನೋಡ್ತಾವ್ರೆ ಅಂತ.”

ನಾನು ಫೋನು ಕೇಳಿ ತೆಗೆದುಕೊಂಡೆ. ಆ ಆಪ್ ತೆಗೆಯಲು ಮೂರು ಸಲ ಒತ್ತಬೇಕಾಯಿತು. ಅವರು ನೋಡುತ್ತಿದ್ದರು. “ತಗೀತೀಯಾ? ತಗಿ” ಎಂದರು ಅಷ್ಟೆ. ಬೈದಿದ್ದರೆ ಬರೆದಿಟ್ಟುಕೊಳ್ಳುತ್ತಿದ್ದೆ.

ಶನಿವಾರದಿಂದ ಅವರೇ ಸ್ವಂತ ಬೆರಳಿನಿಂದ ಕಳಿಸತೊಡಗಿದರು. ಶನಿವಾರ ಒಂಬತ್ತೂ ಇಪ್ಪತ್ತು, ಚಿತ್ರವಿಲ್ಲ, ಬರೀ ‘ಶು’. ಭಾನುವಾರ ಹನ್ನೊಂದೂ ಐದು, ಆಸ್ಪತ್ರೆಯ ಫ್ಯಾನಿನ ಒಂದು ಫೋಟೊ, ಕೈತಪ್ಪಿ ಹೋದದ್ದು. ಸೋಮವಾರ ಏಳೂ ನಲವತ್ತೆಂಟು, ನವಿಲು. ಎಂಟು ದಿನ ಬಂದವು, ಹೆಚ್ಚಿನವು ತಡ. ಆ ಕೆಂಪು ಚುಕ್ಕೆಗಳನ್ನು ನಾನು ಎಷ್ಟು ಆಸೆಯಿಂದ ಹಾಕಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಒಂಬತ್ತನೇ ದಿನ ಎಂಟಾಯಿತು, ಒಂಬತ್ತಾಯಿತು, ಹನ್ನೊಂದಾಯಿತು. ಫೋನು ಮಾಡಿದೆ. ಅಣ್ಣನ ಮಗ ಎತ್ತಿದ. ಎದೆಗೆ ಕಫ ಕಟ್ಟಿ ಬೆಳಗಿನ ಜಾವ ಹೋಗಿದ್ದರು.

ಮೊದಲನೇ ದಿನವೇ ಸಿಕ್ಕಿದ್ದರೆ ಉಳಿಯುತ್ತಿದ್ದರೇ ಎಂದು ಜಯಮ್ಮನನ್ನು ಕೇಳಿದೆ. “ಹೇಳಕಾಗಲ್ಲ” ಎಂದರು. ಬೇರೆ ಬೇರೆ ದಿನ ಒಟ್ಟು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಅದೇ ಉತ್ತರ, ಮೂರೂ ದಿನಚರಿಯಲ್ಲಿವೆ.

ಗುಂಪಿನಲ್ಲಿ ಯಾರಿಗೂ ನಿಜ ಗೊತ್ತಿರಲಿಲ್ಲ. ಆಪ್ ಹಾಕಿಸಿಕೊಂಡಿದ್ದ ಐದು ಜನಕ್ಕೂ ತಾತನ ಫೋನಿನಲ್ಲಿ ಅದಿತ್ತೆಂದು ತಿಳಿದಿರಲಿಲ್ಲ. ನೋವಿನಲ್ಲೂ ಹೇಗೋ ತೆವಳಿಕೊಂಡು ಹೋಗಿ ಕಳಿಸಿದ್ದಾರೆ ಎಂದೇ ಕೆಲವರು ನಂಬಿ ಕಣ್ಣೀರು ಹಾಕಿದ್ದರು. ನಾನು ಸುಮ್ಮನಿರಬಹುದಿತ್ತು. ಹದಿನೈದು ದಿನ ಸುಮ್ಮನಿದ್ದೆ ಕೂಡ. ತಿಂಗಳ ಸಭೆಯಲ್ಲಿ ಒಬ್ಬರು ಎದ್ದು, “ಎಂಥಾ ಮನುಷ್ಯನ್ರಿ, ಸಾಯೋ ಸಂಕಟದಾಗೂ ನಮ್ಗೆ ಶುಭೋದಯ ಹೇಳ್ದ” ಎಂದಾಗ ತಡೆಯಲಾಗಲಿಲ್ಲ. ಎದ್ದು ಹೇಳಿಬಿಟ್ಟೆ.

ಹನುಮಂತಪ್ಪನವರು ನನ್ನ ಕಡೆ ನೋಡದೆ ಹೇಳಿದರು, “ಸರಪಳಿ ಎಳೀದೆ ನಕ್ಷೆ ಬರ್ದಂಗಾತು.” ಸರಪಳಿಯಿಂದ ಹೊಲ ಅಳೆಯುವ ಸರ್ವೆಯವರ ಬಾಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಆಮೇಲೆ ಜಯಮ್ಮ, “ಅವ್ಳೊಬ್ಳಿಗೇ ಯಾಕ್ ಅಂತೀರಿ? ಮೂರು ದಿನ ನಾವೆಲ್ಲ ಕೈ ಮುಗಿದ ಚಿತ್ರ ಒತ್ತಿದ್ವಲ್ಲ, ಒಬ್ರಾದ್ರೂ ಮಾತಾಡ್ಸಿದ್ವಾ?” ಎಂದರು. ಹನುಮಂತಪ್ಪನವರು ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟರು. ಐದನೇ ದಿನ ಗಂಗಮ್ಮನ ಕಡತವನ್ನು ನನ್ನ ಮೇಜಿನ ಮೇಲಿಟ್ಟು, “ಹಿರಿಯೂರಿಗೆ ಹೋಗಾಣ, ನಡಿ” ಎಂದರು.

ಗುಡ್ಡಪ್ಪನೂ ಗುಡ್ಡಯ್ಯನೂ ಒಬ್ಬನೇ ಎಂದು ಒಪ್ಪಿಸಲು ಇನ್ನೂ ಐದು ತಿಂಗಳು ಹಿಡಿಯಿತು. ತಾತನ ಹಾಗೆ ಎದ್ದುಹೋಗದೆ ಕೂರುವುದನ್ನು ನಾನೂ ಕಲಿತೆ. ಆದೇಶ ಬಂದ ಮೇಲೆ ಗಂಗಮ್ಮ ನಮ್ಮ ಗುಂಪಿಗೆ ಸೇರಿದರು. ಒಬ್ಬರು ಹೋಗಿ ಒಬ್ಬರು ಬಂದು ಪಟ್ಟಿಯಲ್ಲಿ ಮತ್ತೆ ನಲವತ್ತಮೂರು. ಲೆಕ್ಕ ಸರಿಹೋಯಿತು ಎಂದು ಬರೆಯಲು ಹೋಗಿ ಪೆನ್ನು ಕೆಳಗಿಟ್ಟೆ.

ಉಳಿದ ಐದು ಫೋನುಗಳಿಂದಲೂ ಆಪ್ ತೆಗೆಸಿದೆವು. ಶುಭೋದಯಗಳು ಈಗಲೂ ಬರುತ್ತವೆ, ನಾವು ರೈಟು ಮಾತ್ರ ಹಾಕುವುದಿಲ್ಲ. ಪ್ರತಿಯೊಬ್ಬರ ದನಿಯನ್ನೂ ದಿನಕ್ಕೊಮ್ಮೆ ಯಾರಾದರೂ ಕೇಳಬೇಕು, ಕೇಳಿದ್ದನ್ನು ನಾಲ್ಕು ಮಾತಿನಲ್ಲಿ ಬರೆಯಬೇಕು. ನನ್ನ ಪಾಲಿಗೆ ಎಂಟು ಜನ. ‘ಕೆಮ್ಮು ಇದೆ.’ ‘ಸೊಸೆಯ ಮೇಲೆ ಸಿಟ್ಟು.’ ‘ರೇಡಿಯೋ ಜೋರಾಗಿತ್ತು, ಏನೂ ಕೇಳಲಿಲ್ಲ, ಬದುಕಿದ್ದಾರೆ.’ ಪುಸ್ತಕ ನೋಡಲು ಹೊಲದ ಹಾಗಿಲ್ಲ, ಕೋಳಿ ಕೆದರಿದ ಹಾಗಿದೆ. ಹಳೆಯ ಪುಸ್ತಕದ ಆ ಮೂರು ಹಸಿರು ರೈಟುಗಳನ್ನು ನಾನು ಅಳಿಸಿಲ್ಲ, ಪಕ್ಕದಲ್ಲಿ ಏನನ್ನೂ ಬರೆದೂ ಇಲ್ಲ.

ಇವತ್ತು ಸರಿಯಾಗಿ ಆರಕ್ಕೆ ಬಂದ ಗುಲಾಬಿ ಹನುಮಂತಪ್ಪನವರದು. ಅದೇ ಕಾಫಿ ಲೋಟ, ಯಾರೋ ಕಳಿಸಿದ್ದನ್ನು ಮುಂದೆ ದಾಟಿಸಿದ್ದಿರಬೇಕು. ಅವರು ಎಂದೂ ಆರಕ್ಕೆ ಕಳಿಸಿದವರಲ್ಲ. ಫೋನು ಮಾಡಿದೆ. ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದೆ. ಏಳನೇ ಸಲ ಹೊಡೆದಾಗ ಎತ್ತಿದರು.

“ಏನವ್ವ ಇಷ್ಟೊತ್ತಿಗೆ?”

“ಏನಿಲ್ಲ ಸರ್. ನಿಮ್ಮ ಶುಭೋದಯ ಸರಿಯಾಗಿ ಆರಕ್ಕೆ ಬಂತು.”

ಆ ಕಡೆ ಸೌಟು ಕೆಳಗಿಟ್ಟ ಸದ್ದು.

“ಇದೀನಿ. ನಾನೇ ಒತ್ತಿದ್ದು. ಮಂಡಿ ನೋವಿಗೆ ನಿದ್ದೆ ಬರ್ಲಿಲ್ಲ, ಎದ್ದು ಗಂಜಿ ಕಾಸ್ತಾ ಇದೀನಿ. ಬರ್ಕ.”

ಬರೆದುಕೊಂಡೆ. ಫೋನಿನಲ್ಲಿ ಗಂಜಿ ಕುದಿಯುವ ಸದ್ದೂ ಕೇಳುತ್ತಿತ್ತು. ಅದನ್ನೂ ಬರೆದೆ.